ಕಾಯಿಸಬಾರದ ಹಿಟ್ಟು

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಅಪ್ಪನ ಕಾಲದ ದಲ್ಲಾಳಿ ಅಂಗಡಿ. ಇಲ್ಲಿ ಮೆಕ್ಕೆಜೋಳದ ಬಗ್ಗೆ ಎರಡೇ ಮಾತು: ರೇಟು ಎಷ್ಟು, ತೇವ ಎಷ್ಟು. ಮೀಟರು 14 ತೋರಿಸಿದರೆ ಖರೀದಿದಾರ ಸುಮ್ಮನೆ ಚೀಟಿ ಬರೆಯುತ್ತಾನೆ, 18 ತೋರಿಸಿದರೆ ಚೌಕಾಸಿ ಶುರು. ಮಾಲು ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ, ಒಂದಿಷ್ಟು ಪಿಷ್ಟದ ಕಾರ್ಖಾನೆಗೆ. ಮಳೆಗಾಲದಲ್ಲಿ ಕೆಂಡದ ಮೇಲೆ ಸುಟ್ಟ ತೆನೆಯೊಂದನ್ನು ಬಿಟ್ಟರೆ ಇದು ಮನುಷ್ಯರ ಹೊಟ್ಟೆಗೆ ಬೀಳುವ ಧಾನ್ಯ ಅಂತ ನಾವ್ಯಾರೂ ಎಣಿಸಿದವರಲ್ಲ. ಈಗ ನನ್ನ ತಂಗಿಯ ಮಗ ರಾತ್ರಿ ದಾಟುವುದೇ ಮೆಕ್ಕೆಜೋಳದ ಪಿಷ್ಟದ ಮೇಲೆ. ಅದೂ ಹಸಿ ಪಿಷ್ಟ.

ಅವನ ಕಾಯಿಲೆಗೆ ಗ್ಲೈಕೋಜನ್ ಸ್ಟೋರೇಜ್ ಡಿಸೀಸ್ ಅನ್ನುತ್ತಾರೆ. ಅದರಲ್ಲಿ ಹಲವು ವಿಧ, ಇವನದು 1ಎ. ಮನೆಯಲ್ಲಿ ಎಲ್ಲರ ಬಾಯಲ್ಲೂ ಜಿಎಸ್‌ಡಿ. ಸುಮಾರು ಲಕ್ಷ ಹೆರಿಗೆಗೆ ಒಂದು ಮಗುವಿಗೆ ಬರುವಂಥದ್ದು. ಉಂಡ ಅನ್ನದಿಂದ ಬಂದ ಗ್ಲೂಕೋಸಿನಲ್ಲಿ ಆಗಿನ ಖರ್ಚಿಗೆ ಬೇಕಾದ್ದು ಬಿಟ್ಟು ಉಳಿದದ್ದನ್ನು ಲಿವರು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಹೊಟ್ಟೆ ಖಾಲಿಯಾದಾಗ ಅದನ್ನೇ ಬಿಡಿಸಿ ಮತ್ತೆ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಬಿಡುವ ಕೊನೇ ಹಂತಕ್ಕೆ ಗ್ಲೂಕೋಸ್-6-ಫಾಸ್ಫಟೇಸ್ ಅನ್ನುವ ಕಿಣ್ವ ಬೇಕು. ಇವನಲ್ಲಿ ಅದು ಕೆಲಸ ಮಾಡುವುದಿಲ್ಲ. ನಮ್ಮ ಯಾರ್ಡಿನ ಮಾತಲ್ಲಿ ಹೇಳೋದಾದರೆ, ಗೋಡೌನಿಗೆ ಲೋಡು ಇಳಿಯುತ್ತಲೇ ಇರುತ್ತೆ, ಹೊರಗೆ ಮಾತ್ರ ಒಂದು ಚೀಲ ಹೋಗಲ್ಲ. ಲಿವರು ಊದುತ್ತದೆ, ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ. ಹೊರಗೆ ಬರಲಾಗದ್ದು ಬೇರೆ ದಾರಿ ಹಿಡಿದು ಲ್ಯಾಕ್ಟಿಕ್ ಆಮ್ಲ, ಯೂರಿಕ್ ಆಮ್ಲ, ಕೊಬ್ಬು ಆಗಿ ರಕ್ತ ಸೇರುತ್ತದೆ.

ಹುಟ್ಟಿದ ಹೊಸತರಲ್ಲಿ ಎರಡು ಗಂಟೆಗೊಮ್ಮೆ ಹಾಲು ಕುಡಿಯುವ ಮಗುವಲ್ಲಿ ಇದು ಗೊತ್ತಾಗುವುದೇ ಇಲ್ಲ. ನಾಲ್ಕು ತಿಂಗಳಿಗೆ ರಾತ್ರಿ ನಿದ್ದೆ ಉದ್ದವಾಗುತ್ತಲ್ಲ, ಎಲ್ಲ ತಾಯಂದಿರೂ 'ಅಬ್ಬಾ, ಈಗ ಮಲಗೋಕೆ ಬಿಡ್ತಾನೆ' ಅನ್ನುವ ಹೊತ್ತು, ಆಗ ಶುರು. ಬೆಳಗಿನ ಜಾವ ಮೈಯೆಲ್ಲ ಬೆವರು, ಒಂದು ದಿನ ಫಿಟ್ಸು. ಅದಕ್ಕೂ ಮೊದಲು ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಕೆನ್ನೆ ತುಂಬಿಕೊಂಡು, ಹೊಟ್ಟೆ ಮುಂದೆ ಬಂದು, ಕೂಸು ದುಂಡುದುಂಡಗೆ ಇತ್ತು. ಅವ್ವ ದಿನಾ ಸಂಜೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಹೊಟ್ಟೆ ಗಟ್ಟಿಯಾಗುತ್ತಾ ಬಂದಾಗ ಅತ್ತೆ, ಅಂದರೆ ತಂಗಿಯ ಅತ್ತೆ, 'ಬರೆ ಹಾಕಿಸ್ರಿ, ಇಳೀತತಿ' ಅಂದರು. ಭಾವ ಒಪ್ಪಲಿಲ್ಲ. ಆ ಹಟಮಾರಿತನಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

ಇಲ್ಲಿನ ಮಕ್ಕಳ ಡಾಕ್ಟರು ಕೈಯಿಟ್ಟು ಹೊಟ್ಟೆ ಒತ್ತಿ ನೋಡಿ, ಹಾಲು ಕುಡಿದು ಎಷ್ಟು ಹೊತ್ತಾಯಿತು ಅಂತ ಕೇಳಿದರು. ಆಮೇಲೆ ರಕ್ತ ತೆಗೆಸಿದರು. ಲ್ಯಾಬಿನ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು ನಮಗೇ ತೋರಿಸಿದ: ಕೆಳಗೆ ಕೆಂಪು, ಮೇಲೆ ತಿಳಿಯಾಗಿರಬೇಕಾದ ದ್ರವ ಬೆಳ್ಳಗೆ ಮಬ್ಬು. ಅಷ್ಟು ಕೊಬ್ಬಿತ್ತು. ಸಕ್ಕರೆ ದೊಡ್ಡವರಾದರೆ ಪ್ರಜ್ಞೆ ತಪ್ಪುವಷ್ಟು ಇಳಿದಿತ್ತು, ಮಗು ಮಾತ್ರ ತಂಗಿಯ ಬಳೆ ಎಳೆದು ಆಡುತ್ತಿತ್ತು. ಮಿದುಳು ಆ ಲ್ಯಾಕ್ಟಿಕ್ ಆಮ್ಲವನ್ನೇ ಉರಿಸಿಕೊಂಡು ಹೇಗೋ ದಿನ ದೂಡುತ್ತೆ, ಅದಕ್ಕೇ ಈ ಮಕ್ಕಳು ಮೋಸ ಮಾಡ್ತಾವೆ ಅಂತ ಡಾಕ್ಟರು ವಿವರಿಸಿದರು. 'ಇದಕ್ಕೂ ಮೊದಲು ಮನೇಲಿ ಯಾವುದಾದರೂ ಮಗು ಹೋಗಿದೆಯಾ?' ಅಂತಲೂ ಕೇಳಿದರು. ಹೋಗಿತ್ತು. ದೊಡ್ಡ ಮಗಳಾದ ಮೇಲೆ ಹುಟ್ಟಿದ ಗಂಡು ಕೂಸು ಆರು ತಿಂಗಳಿಗೆ ಫಿಟ್ಸು ಬಂದು ತೀರಿಕೊಂಡಿತ್ತು, ಆಗ ಜ್ವರ ನೆತ್ತಿಗೇರಿತು ಅಂದಿದ್ದರು. ತಂಗಿ ಉತ್ತರ ಹೇಳಲಿಲ್ಲ, ಭಾವ ಹೇಳಿದರು. ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಮಾಡಿಸಿದ ಮೇಲೆ ಹೆಸರು ಖಾತ್ರಿಯಾಯಿತು.

ಈ ಕಾಯಿಲೆಯನ್ನು ಮೊದಲು ಬರೆದಿಟ್ಟವರು ಜರ್ಮನಿಯ ಎಡ್ಗರ್ ಫಾನ್ ಗಿಯರ್ಕೆ, 1929ರಲ್ಲಿ, ಸತ್ತ ಮಕ್ಕಳ ಊದಿದ ಲಿವರು ನೋಡಿ. ಯಾವ ಕಿಣ್ವದ ಕೊರತೆ ಅಂತ 1952ರಲ್ಲಿ ತೋರಿಸಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. ಅಷ್ಟೊತ್ತಿಗೆ ಅವರಿಗೆ ನೊಬೆಲ್ ಬಂದು ಐದು ವರ್ಷವಾಗಿತ್ತು. ಕಾರಣ ಗೊತ್ತಾದ ಮಾತ್ರಕ್ಕೆ ಮಕ್ಕಳು ಬದುಕಲಿಲ್ಲ. 1970ರ ದಶಕದಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ರಾತ್ರಿಯಿಡೀ ಹನಿಹನಿಯಾಗಿ ಗ್ಲೂಕೋಸ್ ಹರಿಸುವ ಉಪಾಯ ಬಂತು. ಮಕ್ಕಳು ಬೆಳೆಯತೊಡಗಿದರು. ಆದರೆ ಮಧ್ಯರಾತ್ರಿ ಪಂಪು ನಿಂತರೆ, ನಳಿಕೆ ಕಳಚಿದರೆ ಬೆಳಗಾಗುವಷ್ಟರಲ್ಲಿ ಮಗು ಇಲ್ಲ. 1984ರಲ್ಲಿ ಯುವಾನ್-ತ್ಸಾಂಗ್ ಚೆನ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದದ್ದು ಸಾದಾ ಸಂಗತಿ: ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ತಣ್ಣೀರಲ್ಲಿ ಕಲಸಿ ಕುಡಿಸಿದರೆ ಕರುಳಲ್ಲಿ ಅದು ನಿಧಾನಕ್ಕೆ ಕರಗಿ ಗಂಟೆಗಟ್ಟಲೆ ಗ್ಲೂಕೋಸ್ ಕೊಡುತ್ತದೆ. ನಲವತ್ತು ವರ್ಷ ದಾಟಿದರೂ ಚಿಕಿತ್ಸೆಯ ಬೆನ್ನೆಲುಬು ಅದೇ.

ಇದನ್ನು ಮನೆಗೆ ತಂದಾಗ ಆದ ಮೊದಲ ಗೊಂದಲ ಕಿರಾಣಿ ಅಂಗಡಿಯಲ್ಲಿ. ಮೆಕ್ಕೆಜೋಳ ಅಂದಕೂಡಲೇ ಭಾವ ನಮ್ಮ ಯಾರ್ಡಿನ ಒಳ್ಳೇ ಮಾಲು ಆರಿಸಿ ಗಿರಣಿಗೆ ಹಾಕಿಸಲು ಹೊರಟಿದ್ದರು. ಬೇಕಾದದ್ದು ಆ ಹಳದಿ ಹಿಟ್ಟಲ್ಲ. ಕಾಳನ್ನು ನೆನೆಹಾಕಿ ಸಿಪ್ಪೆ, ಮೊಳಕೆ, ಪ್ರೋಟೀನು ಎಲ್ಲ ಬೇರ್ಪಡಿಸಿ ಉಳಿಸಿದ ಬಿಳಿ ಪಿಷ್ಟ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಕೊಡುವುದು, ಗೋಬಿ ಮಂಚೂರಿ ಗಾಡಿಯವರು ಚೀಲಗಟ್ಟಲೆ ಒಯ್ಯುವುದು. ಒಂದು ಕಂಪನಿಯದು ಹೊಂದಿಕೊಂಡರೆ ಅದನ್ನೇ ಮುಂದುವರಿಸಿ, ಬದಲಾಯಿಸಿದರೆ ಸಕ್ಕರೆ ಮತ್ತೆ ಪರೀಕ್ಷಿಸಿ ಅಂದರು ಡಯಟಿಶಿಯನ್. ಕೆಜಿಗೆ 100-150 ರೂಪಾಯಿಯ ಮದ್ದು. ಅಪರೂಪದ ಕಾಯಿಲೆ ಅಂದಾಗ ಹೊಲ ಮಾರುವ ಲೆಕ್ಕ ಹಾಕಿದ್ದ ಭಾವ ಆ ಬಿಲ್ಲು ಹಿಡಿದು ನಕ್ಕುಬಿಟ್ಟರು.

ಒಂದು ವರ್ಷದೊಳಗಿನ ಕೂಸಿಗೆ ಪಿಷ್ಟ ಜೀರ್ಣಿಸುವ ರಸ ಸಾಲುವುದಿಲ್ಲ. ಅಲ್ಲಿಯವರೆಗೆ ಡಾಕ್ಟರು ಹೇಳಿದ ಬೇರೆ ಪುಡಿಯನ್ನು ಹಗಲು ರಾತ್ರಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಿದ್ದಾಯಿತು. ಆಮೇಲೆ ಕಾರ್ನ್‌ಫ್ಲೋರು. ತೂಕಕ್ಕೆ ತಕ್ಕಂತೆ ಪ್ರಮಾಣ: ಚಿಕ್ಕ ಮಕ್ಕಳಿಗೆ ಕೆಜಿಗೆ 1.6 ಗ್ರಾಂನಂತೆ ಮೂರು-ನಾಲ್ಕು ಗಂಟೆಗೊಮ್ಮೆ. ಬೆಳೆದ ಹಾಗೆ ಕೆಜಿಗೆ 1.7ರಿಂದ 2.5 ಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ. ಯಾವ ಮಗುವಿಗೆ ಎಷ್ಟು ಅನ್ನೋದನ್ನು ರಕ್ತ ನೋಡಿ ಡಾಕ್ಟರೇ ಹೇಳಬೇಕು. ನಮ್ಮವನಿಗೆ ಈಗ ಹತ್ತು ವರ್ಷ, ಒಂದು ಸಲಕ್ಕೆ 45 ಗ್ರಾಂ. ಅಡುಗೆಮನೆ ಕಟ್ಟೆಯ ಮೇಲೆ ಬಂಗಾರದಂಗಡಿಯಲ್ಲಿರುವಂಥ ಸಣ್ಣ ಡಿಜಿಟಲ್ ತಕ್ಕಡಿ. ಅಳತೆ ಕಡಿಮೆಯಾದರೆ ಸಕ್ಕರೆ ಬೀಳುತ್ತದೆ. ಹೆಚ್ಚಾದರೂ ಕೇಡೇ: ಮೈ ಬರುತ್ತದೆ, ಲಿವರಿನಲ್ಲಿ ದಾಸ್ತಾನು ಏರುತ್ತದೆ. ಕಲಸಿದ್ದು ಅರೆನಿಮಿಷ ಬಿಟ್ಟರೆ ಹಿಟ್ಟೆಲ್ಲ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಚಮಚೆಯಿಂದ ಕೆರೆದು, ಮತ್ತೆ ನೀರು ಹಾಕಿ ಕದಡಿ, ತಳ ಸಮೇತ ಕುಡಿಸಬೇಕು. ನಾನೂ ಕುಡಿದು ನೋಡಿದ್ದೇನೆ. ರುಚಿಯೇನಿಲ್ಲ, ಸೀಮೆಸುಣ್ಣ ಕದಡಿದ ನೀರು. ಗ್ಯಾಸು ಬೇರೆ. ಕ್ಲಾಸಿನಲ್ಲಿ ಅದಕ್ಕೊಂದು ಅಡ್ಡಹೆಸರೂ ಬಿದ್ದಿದೆ, ಇಲ್ಲಿ ಬರೆದರೆ ಅಳಿಯ ನನ್ನ ಜೊತೆ ಮಾತು ಬಿಡುತ್ತಾನೆ.

ಕಾಯಿಸಬಾರದು ಅನ್ನುವುದು ನಮ್ಮ ಮನೆಯ ಹೆಂಗಸರಿಗೆ ಅರಗಿಸಿಕೊಳ್ಳಲು ಕಷ್ಟವಾಯಿತು. ಮಗುವಿಗೆ ಕೊಡುವ ಯಾವುದನ್ನಾದರೂ ಅವ್ವ ಹಸಿಯಾಗಿ ಕೊಟ್ಟದ್ದುಂಟೆ? ರಾಗಿ ಸರಿ ಕಾಯಿಸಬೇಕು, ಅಕ್ಕಿ ಗಂಜಿ ಕುದಿಸಬೇಕು, ನೀರೂ ಆರಿಸಿದ್ದೇ ಆಗಬೇಕು. ಪಿಷ್ಟವನ್ನು ಕಾಯಿಸಿದರೆ ಅದರ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ಒಡೆದದ್ದನ್ನು ಹೊಟ್ಟೆ ಗಳಿಗೆಯಲ್ಲಿ ಕರಗಿಸಿಬಿಡುತ್ತದೆ, ಸಕ್ಕರೆ ಒಮ್ಮೆಲೇ ಏರಿ ಅಷ್ಟೇ ಬೇಗ ಇಳಿಯುತ್ತದೆ. ಹಸಿಯಾಗಿದ್ದರೇ ನಿಧಾನ. ಒಂದು ಪುಷ್ಯಮಾಸದ ಚಳಿಯಲ್ಲಿ ಮಗುವಿಗೆ ಕೆಮ್ಮಿತ್ತು. 'ತಣ್ಣೀರು ಹೆಂಗ್ ಕುಡಿಸ್ಲಿ' ಅಂತ ಅತ್ತೆ ಅದನ್ನು ಒಲೆಯ ಮೇಲೆ ತಿರುವಿ ಗಂಜಿ ಮಾಡಿ, ಉಪ್ಪು ಹಾಕಿ, ಊದಿ ಆರಿಸಿ ಕುಡಿಸಿದರು. ಬೆಳಗಿನ ಜಾವ ಗ್ಲೂಕೋಮೀಟರಿನಲ್ಲಿ ಸಕ್ಕರೆ 41ಕ್ಕೆ ಕುಸಿದಿತ್ತು. ತಂಗಿ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಆ ಮೀಟರಿನ ಅಂಕಿ ಓದಲು ಕಲಿಸಿದಳು, ಅಷ್ಟೇ. ಈಗ ಮನೆಯಲ್ಲಿ ಅತ್ಯಂತ ಕಟ್ಟುನಿಟ್ಟು ಅತ್ತೆಯೇ.

ಮದ್ದು ಅಗ್ಗ ಅಂದೆನಲ್ಲ, ಖರ್ಚಾಗುವುದು ನಿದ್ದೆ. ಒಂಬತ್ತಕ್ಕೊಂದು ಸಲ, ರಾತ್ರಿ ಎರಡಕ್ಕೊಂದು ಸಲ, ಬೆಳಗ್ಗೆ ಆರೂವರೆಗೆ ತಿಂಡಿ. ಎರಡು ಫೋನಿನಲ್ಲಿ ಅಲಾರಂ, ಚಾರ್ಜು ಹೋದರೆ ಅಂತ ಒಂದು ಕೀಲಿ ಗಡಿಯಾರ. ಈ ಕಾಯಿಲೆಯ ಮಕ್ಕಳಲ್ಲಿ ಕೆಲವರು ಸತ್ತಿದ್ದು ಅಲಾರಂ ಕೇಳಿಸದೆ ಮಲಗಿದ ಮನೆಗಳಲ್ಲಿ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದು ತಂಗಿಯ ಕಿವಿಯಲ್ಲಿ ಕೂತುಬಿಟ್ಟಿದೆ. ಭಾವ ಸರದಿ ತಗೊಂಡ ರಾತ್ರಿಯೂ ಅವಳು ಎದ್ದೇ ಇರುತ್ತಾಳೆ. ಆಸ್ಪತ್ರೆಯ ಫೈಲಿನಲ್ಲಿ ಗ್ರಾಂ ಇದೆ, ಮಿಲಿಗ್ರಾಂ ಇದೆ, ಎದ್ದು ಕೂತವಳ ಲೆಕ್ಕ ಇಡುವ ಕಾಲಂ ಎಲ್ಲೂ ಇಲ್ಲ. ಮೆಕ್ಕೆಜೋಳದ ಒಂದು ತಳಿಯ ಪಿಷ್ಟವನ್ನು ಹದವಾಗಿ ಬಿಸಿ ಮಾಡಿ ತಯಾರಿಸಿದ, ರಾತ್ರಿಯಿಡೀ ಬಾಳಿಕೆ ಬರುವ ಪುಡಿ ವಿದೇಶದಲ್ಲಿ ಸಿಗುತ್ತದೆ. ಅದರ ಬೆಲೆ ನಮ್ಮ ಕಾರ್ನ್‌ಫ್ಲೋರಿನದಲ್ಲ.

ಊಟದ ಕಡೆಗೆ ಬಂದರೆ, ನಮ್ಮ ಊರು ಅವನ ಪಾಲಿಗೆ ಅಷ್ಟೇನೂ ಕೆಟ್ಟದ್ದಲ್ಲ. ಅನ್ನ, ಮುದ್ದೆ, ಜೋಳದ ರೊಟ್ಟಿ, ಬೇಳೆ, ಮೊಟ್ಟೆ, ಮಾಂಸ ಎಲ್ಲ ಆಗುತ್ತದೆ. ಬೆಣ್ಣೆ ದೋಸೆ ಆಗಾಗ. ಮಂಡಕ್ಕಿ-ಮೆಣಸಿನಕಾಯಿ ಧಾರಾಳ, ಆದರೆ ವಗ್ಗರಣೆಗೆ ಚಿಟಿಕೆ ಸಕ್ಕರೆ ಹಾಕುವ ಅಂಗಡಿ ಯಾವುದು, ಹಾಕದ್ದು ಯಾವುದು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಡಬೇಕಾದದ್ದು ಸಕ್ಕರೆ, ಬೆಲ್ಲ, ಜೇನು, ಹಣ್ಣು, ಹಾಲು. ಸಕ್ಕರೆ ಕಡಿಮೆಯಾಗುವ ಮಗುವಿಗೆ ಸಕ್ಕರೆಯೇ ಬೇಡವೆ ಅಂತ ಕೇಳದವರಿಲ್ಲ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಹಣ್ಣಿನ ಫ್ರಕ್ಟೋಸು, ಹಾಲಿನ ಗ್ಯಾಲಕ್ಟೋಸು ಎರಡೂ ಲಿವರಿನಲ್ಲಿ ಅದೇ ಮುಚ್ಚಿದ ದಾರಿಗೆ ಬಂದು ನಿಲ್ಲುತ್ತವೆ, ಗ್ಲೂಕೋಸಾಗಿ ಹೊರಬೀಳದೆ ಲ್ಯಾಕ್ಟಿಕ್ ಆಮ್ಲವಾಗುತ್ತವೆ. ತುರ್ತಿಗೆ ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಆಗಬೇಕು. ಹಾಲು ಹಣ್ಣು ಬಿಟ್ಟ ಮೇಲೆ ಕ್ಯಾಲ್ಸಿಯಂ, ವಿಟಮಿನ್ ಮಾತ್ರೆ ತಪ್ಪದು. ರಾಗಿ ಸ್ವಲ್ಪ ಕೈಹಿಡಿಯುತ್ತದೆ, 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಅದರಲ್ಲಿದೆ.

ಹಬ್ಬಗಳದ್ದೇ ಫಜೀತಿ. ಯುಗಾದಿಗೆ ಅವನು ಬೇವನ್ನಷ್ಟೇ ತಿನ್ನುತ್ತಾನೆ, ಮುಖ ಕಿವುಚದೆ ಅಗಿದು ಉಳಿದ ಮಕ್ಕಳೆದುರು ಬೀಗುತ್ತಾನೆ. ಸಂಕ್ರಾಂತಿಯ ಎಳ್ಳು-ಬೆಲ್ಲದಿಂದ ಕಡಲೆ, ಕೊಬ್ಬರಿ ಆರಿಸಿ ಕೊಡುತ್ತಾರೆ. ಮಗುವಿಗೆ ಇವೆಲ್ಲ ರೂಢಿಯಾಗಿದೆ, ಆಗದಿರುವುದು ನೆಂಟರಿಗೆ. 'ಒಂದ್ ಚೂರು ಹೋಳ್ಗಿ ತಿಂದ್ರೆ ಏನಾಗ್ತತಿ, ಕೂಸಿನ ಬಾಯಿ ಕಟ್ಟಬಾರ್ದು' ಅನ್ನುತ್ತಾರೆ. ತಿಂದರೆ ಆ ಹೊತ್ತಿಗೆ ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ, ತೊಂದರೆಯೇ ಅಲ್ಲಿರುವುದು. ವರ್ಷಗಟ್ಟಲೆ ಹಾಗೇ ನಡೆದರೆ ಲಿವರಿನಲ್ಲಿ ಗಡ್ಡೆ, ಕಿಡ್ನಿಗೆ ಪೆಟ್ಟು, ಕುಂಠಿತ ಬೆಳವಣಿಗೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ಮಗುವಿನ ಕೈ ಹಿಡಿಯುವ ತಾಯಿ ಎಲ್ಲರ ಕಣ್ಣಿಗೂ ನಿಷ್ಠುರಳೇ.

ಯಾರೂ ಗಮನಿಸದ ಸಕ್ಕರೆ ಇನ್ನೊಂದಿದೆ: ಔಷಧಿಯದ್ದು. ಮಕ್ಕಳ ಜ್ವರದ ಸಿರಪ್ಪು, ಕೆಮ್ಮಿನ ಸಿರಪ್ಪು ಬಹುತೇಕ ಸಿಹಿ ಪಾಕ. 'ಶುಗರ್ ಫ್ರೀ' ಅಂದರೆ ಅದರಲ್ಲಿ ಎಷ್ಟೋ ಸಲ ಸಾರ್ಬಿಟಾಲ್ ಇರುತ್ತೆ, ಅದೂ ಒಳಗೆ ಹೋಗಿ ಫ್ರಕ್ಟೋಸೇ ಆಗುತ್ತದೆ. ಮಾತ್ರೆ ಕುಟ್ಟಿ ನೀರಲ್ಲಿ ಕೊಡುವುದೇ ವಾಸಿ. ವಾಂತಿ ಶುರುವಾದರಂತೂ ಆಟ ಮುಗಿದ ಹಾಗೆ, ಹೊಟ್ಟೆಯಲ್ಲಿ ಹಿಟ್ಟು ನಿಲ್ಲದಾಗ ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ ಗ್ಲೂಕೋಸ್, ಅಂದರೆ ಡೆಕ್ಸ್‌ಟ್ರೋಸ್ ಹೋಗಲೇಬೇಕು. ಒಮ್ಮೆ ರಾತ್ರಿ ಒಂದು ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲಿ, 'ವಾಂತಿ ನಿಲ್ಲೋವರೆಗೆ ಖಾಲಿ ಹೊಟ್ಟೆಯಲ್ಲಿರಲಿ, ಬೆಳಗ್ಗೆ ದೊಡ್ಡ ಡಾಕ್ಟರ್ ಬರ್ತಾರೆ' ಅಂದರು. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಪತ್ರವನ್ನು ಭಾವ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಮೇಜಿನ ಮೇಲೆ ಅದನ್ನಿಟ್ಟು ಕದಲದೆ ನಿಂತಾಗ ಡ್ರಿಪ್ ಹತ್ತಿತು. ಇಂಥ ಮಗು ಇರುವ ಮನೆಯವರು ಬೇರೇನೂ ಮಾಡದಿದ್ದರೂ ಆ ಪತ್ರವೊಂದನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಲಿ.

ಬೆಂಗಳೂರಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುವಾಗ ಬೇರೆ ಮನೆಗಳ ಕಥೆಯೂ ಕಿವಿಗೆ ಬೀಳುತ್ತದೆ. ಒಬ್ಬರ ಮಗುವಿಗೆ ಪಿಕೆಯು, ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಅನ್ನುವ ಅಂಶವನ್ನು ಮೈ ಒಡೆಯಲಾರದ ಕಾಯಿಲೆ. ಅಲ್ಲಿ ಲೆಕ್ಕ ಪ್ರೋಟೀನಿನದು, ಬೇಳೆ-ಮೊಸರು ಬಂದ್, ಅನ್ನ ಕೂಡ ತೂಗಿ ಹಾಕಬೇಕು, ಉಳಿದ ಪೋಷಣೆಗೆ ವಿಶೇಷ ಪುಡಿ. ಆಹಾರದಿಂದಲೇ ಇಂಥ ಕಾಯಿಲೆಯನ್ನು ಹಿಡಿತಕ್ಕೆ ತರಬಹುದು ಅಂತ ಮೊದಲು ತೋರಿಸಿಕೊಟ್ಟದ್ದು ಆ ಪಿಕೆಯು. 1934ರಲ್ಲಿ ನಾರ್ವೆಯ ಅಸ್ಬ್ಯೋರ್ನ್ ಫೋಲಿಂಗ್ ಅದನ್ನು ಗುರುತಿಸಿದರು. 1950ರ ದಶಕದ ಮೊದಲಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು, ಒಬ್ಬ ತಾಯಿ ಬಿಡದೆ ಪೀಡಿಸಿದ್ದಕ್ಕೆ, ಫಿನೈಲ್‌ಅಲನೀನ್ ತೆಗೆದ ಆಹಾರ ತಯಾರಿಸಿ ಅವಳ ಮಗಳಿಗೆ ಕೊಟ್ಟರು. ಮಗು ಚೇತರಿಸಿಕೊಂಡಿತು. ಅದು ಆಹಾರದಿಂದಲೇ ಹೌದೋ ಅಲ್ಲವೋ ನೋಡಲು ತಾಯಿಗೆ ತಿಳಿಸದೆ ಫಿನೈಲ್‌ಅಲನೀನನ್ನು ಮತ್ತೆ ಬೆರೆಸಿದರು. ಮಗು ಬೇಗನೆ ಹಿಂದಕ್ಕೆ ಹೋಯಿತು, ತಾಯಿ ಗಾಬರಿಯಾದಳು. ಇವತ್ತಾದರೆ ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ತಂಗಿಗೆ ಈ ಕಥೆ ಹೇಳಿದಾಗ ಅವಳು ಡಾಕ್ಟರಿಗೆ ಬೈಯಲಿಲ್ಲ, 'ಅವ್ಳಿಗೆ ಗೊತ್ತಾಗೇ ಆಗ್ತತಿ ಬಿಡಣ್ಣ' ಅಂದಳು.

ಇನ್ನೊಂದು ಮನೆಯವರು ಎಂಎಸ್‌ಯುಡಿ ಅನ್ನುವ ಕಾಯಿಲೆಯ ಮಗು ತಂದಿದ್ದರು, ಅದೂ ಪ್ರೋಟೀನಿನ ಕೆಲವು ಅಂಶಗಳನ್ನು ಮೈ ಒಡೆಯಲಾರದ ಕಾಯಿಲೆ. ಆ ಮಕ್ಕಳ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ. ಸೋಟೊಲಾನ್ ಅನ್ನುವ ವಸ್ತುವಿನದು ಆ ವಾಸನೆ, ಅದು ಮೆಂತ್ಯದಲ್ಲೂ ಇದೆ. ಬಾಣಂತಿಗೆ ಮೆಂತ್ಯ ತಿನ್ನಿಸಿದ ಮನೆಗಳಲ್ಲಿ ಆರೋಗ್ಯವಂತ ಕೂಸಿಗೂ ಅದೇ ವಾಸನೆ ಬಂದು ಡಾಕ್ಟರುಗಳು ಬೇಸ್ತು ಬಿದ್ದದ್ದುಂಟು. ನಮ್ಮ ಅವ್ವನ ಮೆಂತ್ಯದ ಉಂಡೆ ತಿಂದ ಯಾವ ಬಾಣಂತಿಯ ಕೂಸೂ ಅಲ್ಲಿ ಪಾಸಾಗುತ್ತಿರಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ನೀತಿ ತಂದಿತು. ಗೊತ್ತುಪಡಿಸಿದ ಕೇಂದ್ರಗಳ ಮೂಲಕ ಚಿಕಿತ್ಸೆಗೆ ಹಣದ ನೆರವು, ವಿಶೇಷ ಆಹಾರದಿಂದ ನಿಭಾಯಿಸುವ ಕಾಯಿಲೆಗಳಿಗೂ ಅದರಲ್ಲಿ ಜಾಗ. ಕರ್ನಾಟಕದವರಿಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಆ ಕೇಂದ್ರ. ಒಳ್ಳೆಯದೇ. ಪಿಕೆಯು ಮಗುವಿನ ಮನೆಗೆ ಪುಡಿಯ ಡಬ್ಬಿಯೇ ಜೀವ, ಅವರಿಗೆ ಇದು ದೊಡ್ಡ ಆಸರೆ. ನಮ್ಮ ಥರದವರಿಗೆ ಬೇಕಾದದ್ದು ಇನ್ನೊಂದು: ದಾವಣಗೆರೆಯಲ್ಲೇ ಈ ಲೆಕ್ಕ ಹಾಕಬಲ್ಲ ಒಬ್ಬ ಡಯಟಿಶಿಯನ್, ಫೋನೆತ್ತಿದರೆ ಸಿಗುವಂಥವರು. ವೈದ್ಯಕೀಯ ಕಾಲೇಜುಗಳಿರುವ ಊರಿಗೆ ಇದು ಅತಿಯಾಸೆ ಅಂತ ನನಗನ್ನಿಸುವುದಿಲ್ಲ.

ತಂಗಿಯನ್ನು ಕೊಟ್ಟದ್ದು ಸೋದರತ್ತೆಯ ಮಗನಿಗೇ. ನಮ್ಮಲ್ಲಿ ಅದು ದೊಡ್ಡ ಸಂಗತಿಯೇನಲ್ಲ, ಹೊಲ ಮನೆ ಒಳಗೇ ಉಳಿಯುತ್ತೆ, ಹೆಣ್ಣು ಕಣ್ಣೆದುರೇ ಇರುತ್ತಾಳೆ. ತಾತನಲ್ಲೋ ಅಜ್ಜಿಯಲ್ಲೋ ಇದ್ದ ಜೀನ್ ದೋಷದ ಒಂದು ಪ್ರತಿ ಅತ್ತೆಯ ಕಡೆಯಿಂದ ಭಾವನಿಗೆ, ಅಪ್ಪನ ಕಡೆಯಿಂದ ತಂಗಿಗೆ ಬಂದಿತ್ತು. ಒಂದು ಪ್ರತಿ ಇದ್ದವರಿಗೆ ಏನೂ ಆಗದು. ಎರಡೂ ಒಂದೇ ಮಗುವಿಗೆ ಬಿದ್ದರೆ ಕಾಯಿಲೆ, ಪ್ರತಿ ಬಸಿರಿನಲ್ಲೂ ನಾಲ್ಕಕ್ಕೊಂದು ಪಾಲು. ಈಗ ತಂಗಿಯ ದೊಡ್ಡ ಮಗಳು ಬಿಕಾಂ ಮುಗಿಸುತ್ತಿದ್ದಾಳೆ, ಅವಳನ್ನು ನನ್ನ ಮಗನಿಗೆ ತಂದುಕೊಳ್ಳಬೇಕು ಅಂತ ಅವ್ವನ ಆಸೆ. ಜೆನೆಟಿಕ್ ಕೌನ್ಸೆಲರ್ ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು: ಅವಳಲ್ಲಿ ಒಂದು ಪ್ರತಿ ಇರುವ ಸಾಧ್ಯತೆ ಮೂರಕ್ಕೆ ಎರಡು, ನನ್ನ ಮಗನಲ್ಲಿ ನಾಲ್ಕಕ್ಕೊಂದು, ಪರೀಕ್ಷೆ ಮಾಡಿಸದೆ ಮದುವೆ ಮಾಡಿದರೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 24ಕ್ಕೆ ಒಂದು. ದೋಷ ಯಾವುದು ಅಂತ ಗೊತ್ತಿರುವುದರಿಂದ ಇಬ್ಬರ ರಕ್ತ ನೋಡಿದರೆ ತೀರಿತು. ಅವ್ವ ಇನ್ನೂ ಒಪ್ಪಿಲ್ಲ, 'ಹೆಣ್ಣಿನ ರಕ್ತ ಪರೀಕ್ಷೆ ಮಾಡ್ಸಿದ್ರು ಅಂತ ನಾಕು ಮಂದಿ ಆಡ್ಕೋತಾರೆ' ಅನ್ನುತ್ತಾಳೆ. ಅದಕ್ಕೇ ನನ್ನ ಮಗನದ್ದನ್ನು ಮೊದಲು ಕಳಿಸಿದ್ದೇನೆ. ಹುಡುಗ-ಹುಡುಗಿ ಇಬ್ಬರಿಗೂ ಈ ಸಂಬಂಧದಲ್ಲಿ ಆಸಕ್ತಿ ಇದೆಯೋ ಇಲ್ಲವೋ, ಅದನ್ನು ಯಾರೂ ಕೇಳಿದ ಹಾಗಿಲ್ಲ, ಆ ಮಾತು ಬೇರೆ.

ಜೀನ್ ಚಿಕಿತ್ಸೆಯ ಪ್ರಯೋಗಗಳೂ ನಡೆದಿವೆ. ಔಷಧಿ ಹಿಡಿದಿದೆಯೋ ಇಲ್ಲವೋ ಅನ್ನುವುದಕ್ಕೆ ಅಲ್ಲಿ ಇಟ್ಟುಕೊಂಡಿರುವ ಅಳತೆ, ರೋಗಿ ದಿನಕ್ಕೆ ಕುಡಿಯುವ ಕಾರ್ನ್‌ಫ್ಲೋರು ಎಷ್ಟು ಕಡಿಮೆಯಾಯಿತು ಅನ್ನುವುದು. ಓದಿದಾಗ ಖುಷಿಯಾಯಿತು. ಅಷ್ಟು ದೊಡ್ಡ ವಿಜ್ಞಾನವೂ ಕೊನೆಗೆ ತಕ್ಕಡಿಗೇ ಬಂತಲ್ಲ.

ಸದ್ಯದ ನಮ್ಮ ಸಮಸ್ಯೆ ಅಷ್ಟು ದೊಡ್ಡದಲ್ಲ. ಅಳಿಯ ಈಗ ಐದನೇ ಕ್ಲಾಸು. ಶಾಲೆಯವರು ಡಿಸೆಂಬರಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರವಾಸ ಇಟ್ಟಿದ್ದಾರೆ, ಒಂದು ರಾತ್ರಿ ಹೊರಗೆ. ಹಿಟ್ಟು ತೂಗುವುದು, ಕಲಸುವುದು, ಮೀಟರು ಚುಚ್ಚಿಕೊಳ್ಳುವುದು ಅವನಿಗೆ ಬರುತ್ತದೆ. ಎಚ್ಚರವಾಗುವುದು ಮಾತ್ರ ಇನ್ನೂ ಬರುವುದಿಲ್ಲ. ಕ್ಲಾಸ್ ಮೇಷ್ಟ್ರು ಒಳ್ಳೆಯವರು, 'ಎರಡು ಗಂಟೆಗೆ ನಾನೇ ಎಬ್ಬಿಸ್ತೀನಿ ಬಿಡಮ್ಮ' ಅಂದರು. ಅರವತ್ತು ಮಕ್ಕಳನ್ನು ಹಗಲೆಲ್ಲ ಎಣಿಸಿ ಸುಸ್ತಾದ ಮನುಷ್ಯನ ಭರವಸೆ ಅದು, ತಂಗಿ ಒಪ್ಪಲಿಲ್ಲ. ತಾನೇ ಹೋಗುತ್ತೇನೆ ಅಂದದ್ದಕ್ಕೆ ಇವನು ಎರಡು ದಿನ ಮಾತುಬಿಟ್ಟ. ಅಮ್ಮ ಬಸ್ಸಿನಲ್ಲಿ ಕೂತರೆ ಪ್ರವಾಸ ಹೇಗಾಗುತ್ತೆ ಅಂತ. ಕೊನೆಗೆ ನಾನು ಶಾಲೆಗೆ ಹೋಗಿ, ಜೊತೆಗೆ ಬರುವ ದೊಡ್ಡವರ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿ ದುಡ್ಡು ಕಟ್ಟಿ ಬಂದಿದ್ದೇನೆ. ಅಳಿಯನಿಗೆ ಇನ್ನೂ ಹೇಳಿಲ್ಲ.